ಮಾಂತುನ ಪಾಲಿನ ರೊಟ್ಟಿ

ಪುಣೆದ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಉಳ್ಳಾಗಡ್ಡಿ ಲಾರಿ ತಂದ ಬಿಜಾಪುರ ಕಡೆ ಮಂದಿ, ಮಾಲು ಇಳಿಸಿ, ನಳದಾಗ ಕೈಕಾಲು ತೊಳಕೊಂಡು, "ಇನ್ನ ಉಣ್ಣೂದೆಲ್ಲಿ?" ಅಂತ ಕೇಳಿದ್ರ, ಯಾರ ಇರ್ಲಿ ತೋರಸೂದು ಒಂದ ದಿಕ್ಕು: ಭೀಮವ್ವನ ಖಾನಾವಳಿ. ಅದಕ್ಕ ಬೋರ್ಡಿಲ್ಲ, ಹೆಸರಿಲ್ಲ. ತಗಡಿನ ಚಪ್ಪರ, ಕುಂದ್ರಾಕ ಎರಡು ಉದ್ದನ ಕಟಗಿ ಬಾಕು, ಒಳಗ ಕಣ್ಣು ಉರಿಯೂವಷ್ಟು ಹೊಗಿ. ಆ ಹೊಗಿಯೊಳಗ ಒಬ್ಬಾಕಿ ಬಡಕಲ ಹೆಣ್ಣುಮಗಳು ಟಪ ಟಪ ರೊಟ್ಟಿ ಬಡೀತಿರ್ತಿದ್ಲು. ಬಡದು ಬಡದು ಆಕಿ ಅಂಗೈಯಾಗಿನ ಗೆರಿ ಸವದು ಹೋಗ್ಯಾವ ಅಂತ ಹಮಾಲರು ಚ್ಯಾಷ್ಟಿ ಮಾಡ್ತಿದ್ರು. "ಸವದ್ರ ಛಲೋನ ಆತೇಳು, ಜ್ಯೋತಿಷಿ ಮುಂದ ಕೈ ಚಾಚೂದು ತಪ್ತು," ಅಂತಿದ್ಲು ಭೀಮವ್ವ. ಬಾಯಿಗೆ ಬಾಯಿ ಕೊಡೂದರಾಗ ಆಕಿನ್ನ ಮೀರಿಸಾವ್ರು ಯಾರ್ಡಿನಾಗ ಯಾರೂ ಇದ್ದಿಲ್ಲ.

ಆಕಿ ಇಂಡಿ ತಾಲೂಕಿನಾಕಿ. ಗಂಡ ಈರಬಸಪ್ಪ ಯಾರ್ಡಿನ ಒಂದು ಅಡತಿ ಅಂಗಡ್ಯಾಗ ಗುಮಾಸ್ತ ಇದ್ದ. ಅವನ ಬೆನ್ನ ಹತ್ತಿ ಪುಣೆಕ್ಕ ಬಂದಾಕಿಗೆ ಮೊದಮೊದಲ ಮರಾಠಿ ಬರ್ತಿದ್ದಿಲ್ಲ. ಕಾಯಿಪಲ್ಯಾ ಮಾರಾಕಿ ಜೋಡಿ ಕೈಸನ್ನಿಲೇ ಜಗಳಾಡ್ತಿದ್ಲು, ಗೆಲ್ತಿದ್ಲು ಸೈತ. ಮಗ ಮಾಂತು ಇನ್ನೂ ಸಾಲಿಗೆ ಹೋಗೂ ಹೊತ್ತಿನಾಗ ಈರಬಸಪ್ಪ ಕಾಮಾಲಿ ಆಗಿ ಹೋದ. ಲಿಂಗವಂತರ ಪದ್ಧತಿ ಪ್ರಕಾರ ಹೆಣಾ ಕುಂದ್ರಿಸಿ, ಕೈಯಾಗ ಅವನ ಲಿಂಗ ಇಟ್ಟು, ಅಯ್ಯನೋರು ಅವನ ತಲಿ ಮ್ಯಾಲೆ ತಮ್ಮ ಪಾದ ಇಟ್ಟು, ಆಮ್ಯಾಲೆ ಮಣ್ಣು ಕೊಟ್ರು. ಪಾದ ಬಿತ್ತು ಅಂದ್ರ ಸತ್ತಾವ ಶಿವನ ಕಡೆ ಹೊಂಟ ಅಂತ ಅರ್ಥ. ಅತ್ತು ಕರದು ಸಾಕಾದ ಮ್ಯಾಲೆ ಭೀಮವ್ವಗ ಉಳದದ್ದು ಅದೊಂದ ಸಮಾಧಾನ: ಅಂವ ಸೇರೂ ಕಡೆ ಸೇರಿದ. ಆಮ್ಯಾಲೆ ಒಲಿ ಮ್ಯಾಲೆ ಹಂಚು ಇಟ್ಟಾಕಿ ಇಳಿಸಲೇ ಇಲ್ಲ.

ಮಾಂತುಗ ನೀರಿನ ಹುಚ್ಚು. ಪರ್ವತಿ ಗುಡ್ಡದ ಬುಡದಾಗ ಹರಿಯೂ ಕೆನಾಲು ಕಂಡ್ರ ಸಾಕು, ಪಾಟೀಚೀಲ ಗಿಡದ ಬುಡಕ್ಕ ಒಗದು ದುಡುಮ್ ಅಂತ ಹಾರಾವ. ಭೀಮವ್ವ ಊದುಗೊಳವಿ ಹಿಡಕೊಂಡು ದಂಡಿಗೆ ಬಂದು ನಿಂತು ಒದರ್ತಿದ್ಲು.

"ಬಾ ಮ್ಯಾಲೆ ಭಾಡ್ಯಾ, ಕಾಲ ಮುರಿತೀನಿ!"

"ಮುರಿತೀನಿ ಅಂದ್ರ ಯಾರು ಬರ್ತಾರ? ರೊಟ್ಟಿ ಕೊಡ್ತೀನಿ ಅನ್ನು, ಬರ್ತೀನಿ," ಅಂತ ಅಂವ ನಡು ನೀರಾಗಿಂದ ಹಲ್ಲು ಕಿಸೀತಿದ್ದ.

ಬೆಳದು ಫೌಜಿಗೆ ಸೇರಿದ. ಅಲ್ಲಿನ ಸಾಹೇಬರು ಅವನ ಈಜು ನೋಡಿ ಹಾಯಿದೋಣಿ ಹತ್ತಿಸಿದ್ರು. ಮೊದಲ ಖಡಕವಾಸಲಾ ಡ್ಯಾಮಿನ ನೀರಾಗ ಕಲಸಿದ್ರು, ಆಮ್ಯಾಲೆ ಮುಂಬೈ ಸಮುದ್ರಕ್ಕ ಕಳಿಸಿದ್ರು. ಸೂಟಿಗೆ ಬಂದಾಗ ಅವ್ವನ ಮುಂದ ಕುಂತು ದೋಣಿ ಶರ್ಯತ್ತಿನ ಪುರಾಣಾ ಹೇಳಾವ. ಭೀಮವ್ವಗ ಶರ್ಯತ್ತು ಅಂದ್ರ ಬಂಡಿ ಶರ್ಯತ್ತು. ಎತ್ತಿಲ್ಲ, ದಾರಿಯಿಲ್ಲ, ಎಂಥಾ ಶರ್ಯತ್ತು ಅಂತ ಆಕಿಗೆ ತಿಳೀತಿದ್ದಿಲ್ಲ.

"ಇಂಜಿನ್ನಿಲ್ಲ ಅವ್ವಾ, ಬರೇ ಗಾಳಿ ಮ್ಯಾಲೆ ಹೋಗೂದು."

"ಗಾಳಿ ನಂಬಿ ಹೊಂಟಾನಂತ, ನೋಡ್ರಿ ಶಾಣ್ಯಾನ! ಕಣದಾಗ ರಾಶಿ ತೂರಾಕ ನಿಂತ್ರ ಹಾಳಾದ ಗಾಳಿ ಕೈ ಕೊಡ್ತದ. ಅದು ಸಮುದ್ರದಾಗ ನಿನ್ನ ಕೈ ಹಿಡಿತದೇನು?"

ತೊಂಬತ್ತಾರನೇ ಇಸವಿಯಾಗ ಅವನ ಮದವಿ ಆತು. ಹೆಣ್ಣು ಹೊರಗಿನಾಕಿ ಅಲ್ಲ, ಭೀಮವ್ವನ ತಮ್ಮ ಸಿದ್ರಾಮಪ್ಪನ ಮಗಳು ರೇಣು. ತಮ್ಮನ ಹಿಂದ ಬಿದ್ದು, ಹಟಾ ಮಾಡಿ, ಸೋದರ ಸೊಸಿನ್ನ ಮನಿಗೆ ತಂದುಕೊಂಡಿದ್ಲು. ಅದ ವರ್ಷ ದೀಪಾವಳಿ ಮುಗಿಸಿ ಮಾಂತು ಮುಂಬೈಗೆ ಹೊಂಟ. ಮುಂಬೈಯಿಂದ ಗೋವಾತನಕ ದೊಡ್ಡ ಶರ್ಯತ್ತು ಇತ್ತು. ಹೊಂಡೂ ಮುಂದ ಕೊರಳಾಗಿನ ಲಿಂಗ ಬಿಚ್ಚಿ ಅವ್ವನ ಕೈಯಾಗ ಇಟ್ಟ. ಉಪ್ಪು ನೀರಿಗೆ ದಾರ ಹರದು ಲಿಂಗ ಸಮುದ್ರದ ಪಾಲಾದ್ರ ಏನು ಗತಿ, ಬರೂಮಟ ನೀನ ಪೂಜಿ ಮಾಡು ಅಂದ.

"ಲಿಂಗ ಬಿಟ್ಟು ಹೊಸ್ತಿಲಾ ದಾಟ್ತಾರೇನೋ ಹುಚ್ಚಾ?" ಅಂತ ಬೈದಾಕಿ, ಬೈಕೋತನ ಅದನ್ನ ಜಗಲಿ ಮ್ಯಾಲೆ ಇಟ್ಲು.

ಸುದ್ದಿ ತಂದಾವ ಪಂಢರಿನಾಥ. ಖಡಕಿ ಕಡೆ ಮರಾಠಿ ಹುಡುಗ, ಮಾಂತುನ ದೋಸ್ತ, ಅದ ದೋಣ್ಯಾಗ ಚುಕ್ಕಾಣಿ ಹಿಡದು ಕುಂತಾವ. ಮಧ್ಯಾನ್ಹ ಊಟದ ಗದ್ದಲದಾಗ ಬಂದು ಒಲಿ ಮುಂದ ಕುಕ್ಕರಗಾಲಿಲೇ ಕುಂತ. ಅವನ ತುಟಿ ಒಡದಿದ್ವು, ಕಣ್ಣು ಕೆಂಪಗ ಬಾತಿದ್ವು. ಮರಾಠಿಯೊಳಗ ಮೆತ್ತಗ ಹೇಳಿದ.

"ರತ್ನಾಗಿರಿ ದಾಟಿದ ಮ್ಯಾಲೆ ಗಾಳಿ ಎದ್ತು, ಮಾವಶಿ. ಮುಂದಿನ ಹಾಯಿ ಇಳಸಾಕ ಮಾಂತು ಹೋದ. ನಡಕ್ಕ ಕಟ್ಟಿದ ಹಗ್ಗದ ಕೊಂಡಿ ಈ ಕಡೆದ್ದು ಬಿಚ್ಚಿ ಆ ಕಡೆ ಸಿಗಸೂ ಅಷ್ಟರಾಗ ತೆರಿ ಬಂದು ಅವನ್ನ ನೀರಿಗೆ ಕೆಡವ್ತು. ಹಾಯಿದೋಣಿ ಮೋಟರ್ ಸೈಕಲ್ ಹೊಳ್ಳಿಸಿದಂಗ ಹೊಳ್ಳೂದಿಲ್ಲ. ನಾವು ಹೊಳ್ಳಿ ಬರೂದರಾಗ ಅಂವ ಇದ್ದಿಲ್ಲ. ಹಡಗು ಹುಡಕಿದ್ವು, ಇಮಾನ ಹುಡಕಿದ್ವು. ಸಿಗಲಿಲ್ಲ."

"ಬಿದ್ದ ಮ್ಯಾಲೆ ನಿನಗ ಕಂಡನೇನು?"

"ಒಂದ ಸಲ ಕಂಡ. ಕೈ ಎತ್ತಿದ್ದ."

ಭೀಮವ್ವ ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿಸಿ ಹಾಕಿದ್ಲು. "ಕೈ ಎತ್ತಿದ್ದಾ? ಹಂಗಾರ ಈಜಾಕತ್ತಿದ್ದ," ಅಂದ್ಲು. "ಅವಗ ನೀರು ಏನೂ ಮಾಡೂದಿಲ್ಲ. ಏಳು, ಮಾರಿ ತೊಳಕೋ. ಒಂದು ರೊಟ್ಟಿ ತಿನ್ನು."

ಪಂಢರಿನಾಥ ಅಲ್ಲೇ ಬೂದಿ ಮ್ಯಾಲೆ ಮಾರಿ ಬಗ್ಗಿಸಿ ಅತ್ತ. ಭೀಮವ್ವ ಅಳಲಿಲ್ಲ. ಒಳಗಿಂದ ಓಡಿ ಬಂದ ರೇಣು ಬಾಯಿ ತಗಿಯೂದ್ರಾಗ, "ಸುಮ್ನಿರು! ಇದ್ದಾವ್ರಿಗೆ ಅಳಬಾರದು, ಅಪಶಕುನ," ಅಂತ ಗದರಿಸಿದ್ಲು. ಆ ಎತ್ತಿದ ಕೈ ಭೀಮವ್ವನ್ನ ಮುಂದ ಎಂಟು ವರ್ಷ ಎಳಕೊಂಡು ಹೋತು.

ಉಣ್ಣಾಕ ಬಂದಾವ್ರು ಸುಮ್ನ ಉಂಡು ಹೋಗ್ತಾರೇನು? ಒಬ್ಬ ಅಂದ, ಮೀನಗಾರರು ಎತ್ತಿ ಒಯ್ದಿರ್ತಾರ. ಮತ್ತೊಬ್ಬ ಅಂದ, ಪಾಕಿಸ್ತಾನದ ಜೇಲಿನಾಗ ಇಟ್ಟಿರ್ತಾರ. ಇನ್ನೊಬ್ಬ, ತಲಿಗೆ ಪೆಟ್ಟು ಬಿದ್ದು ಊರು ಮರತಿರ್ತಾನ ಅಂದ. ಹೇಳಾವ್ರು ಕೈ ತೊಳಕೊಂಡು ಲಾರಿ ಹತ್ತಿ ಹೋಗ್ತಿದ್ರು. ಭೀಮವ್ವ ಅವರು ಬಿಟ್ಟು ಹೋದ ಮಾತು ಹೆಕ್ಕಿ ಹೆಕ್ಕಿ ಕೂಡಿಡ್ತಿದ್ಲು. ಆಸೆ ಅನ್ನೂದು ಹಂಗ ನೋಡ್ರಿ, ಅದಕ್ಕ ಕೂಳೂ ಬೇಕಾಗಿಲ್ಲ, ನೀರೂ ಬೇಕಾಗಿಲ್ಲ, ತನ್ನಷ್ಟಕ್ಕ ತಾನ ಬೆಳೀತದ.

ದಿನಾ ಮಧ್ಯಾನ್ಹ ಹಂಚಿನಿಂದ ಇಳದ ಮೊದಲನೇ ರೊಟ್ಟಿ ಮಾಂತುನ ಪಾಲು. ಅವನ ಹಿತ್ತಾಳಿ ಗಂಗಾಳ ತಿಕ್ಕಿ ತೊಳದು, ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮ್ಯಾಲೊಂದು ಬೆಣ್ಣಿ ಉಂಡಿ ಹಾಕಿ, ಜಗಲಿ ಮ್ಯಾಲೆ ಅವನ ಲಿಂಗದ ಮುಂದ ಇಡ್ತಿದ್ಲು. ಲಾರಿ ಮಂದಿ ಉಂಡೆದ್ದು, ಬಾಕು ಒರಿಸಿ, ಭಾಂಡೆ ತಿಕ್ಕಿದ ಮ್ಯಾಲೆ ಆ ಗಂಗಾಳದಾಗ ರೇಣು ಉಣ್ಣಬೇಕು. ಗಂಡನ ಗಂಗಾಳದಾಗ ಹೆಂಡತಿ ಉಣ್ಣೂದು ಅವರ ಮನಿ ರೀತಿ. ಅಷ್ಟೊತ್ತಿಗೆ ರೊಟ್ಟಿ ಸೆಟದು ಹಪ್ಪಳ ಆಗಿರ್ತಿತ್ತು, ಬೆಣ್ಣಿ ಕರಗಿ ಪಲ್ಯಾದಾಗ ಇಳದಿರ್ತಿತ್ತು. ರೇಣು ಒಂದ ದಿನಾ ಬ್ಯಾಡ ಅನಲಿಲ್ಲ. ಹಣಿ ತುಂಬ ಕುಂಕುಮ, ಕೈ ತುಂಬ ಹಸಿರು ಬಳಿ, ಮೂಲ್ಯಾಗ ಕುಂತು ಉಣ್ಣಾಕಿ. ಆಕಿ ಹಣಿ ಮ್ಯಾಲಿನ ಕುಂಕುಮ ನೋಡಿದ್ರ ಭೀಮವ್ವಗ ಜೀವದಾಗ ಜೀವ ಬರ್ತಿತ್ತು. ಸೊಸಿ ಮುತ್ತೈದಿ ಅಂದ ಮ್ಯಾಲೆ ಮಗ ಇದ್ದಾನ, ಬ್ಯಾರೆ ಸಾಕ್ಷಿ ಯಾಕ ಬೇಕು?

ವರ್ಷಾ ಎಳ್ಳಮಾಸಿ ಮುಗದ ಕೂಡಲೆ ಸಿದ್ರಾಮಪ್ಪ ಸೊಲ್ಲಾಪುರ ಗಾಡಿ ಹತ್ತಿ ಬರಾವ. ಬಂದಾವ ಮಗಳ ಮಾರಿ ನೋಡಿ, ಅಕ್ಕನ ಮಾರಿ ನೋಡಿ, ಚಹಾ ಕುಡದು, ಅದ ಮಾತು ತಗಿಯಾವ.

"ಅಕ್ಕಾ, ಉಡಕಿ ಮಾಡೂಣು. ಹುಡಿಗಿ ಹರೇ ಸುಮ್ನ ಹೊಂಟದ."

ಉಡಕಿ ಅಂದ್ರ ಗಂಡ ಸತ್ತಾಕಿಗೆ ಎರಡನೇ ಸಲ ಸೀರಿ ಉಡಿಸಿ ಮತ್ತೊಬ್ಬನ ಮನಿ ತುಂಬಸೂದು. ಅವರ ಕಡೆ ಅದೇನು ಹೊಸಾದಲ್ಲ, ಯಾರೂ ಮೂಗು ಮುರಿಯೂದಿಲ್ಲ. ಆದ್ರ ಮೊದಲನೇ ಗಂಡನ ಮಣ್ಣು ಆಗಬೇಕು, ಅವನ ಮನಿಯಾವ್ರು ದೈವದ ಮುಂದ, ಅಂದ್ರ ಕುಲದ ಹಿರ್ಯಾರ ಮುಂದ, ಹೂಂ ಅನಬೇಕು. ಇಲ್ಲಿ ಮಣ್ಣೂ ಆಗಿಲ್ಲ, ಹೂಂ ಅನ್ನಬೇಕಾದಾಕಿ ಭೀಮವ್ವ.

"ಹೆಣಾ ತೋರಸು, ಆಮ್ಯಾಲೆ ಉಡಕಿ ಮಾತಾಡು," ಅಂತಿದ್ಲು.

"ಸಮುದ್ರದಾಗಿನ ಹೆಣಾ ನಾ ಎಲ್ಲಿಂದ ತರ್ಲಿ ಅಕ್ಕಾ?"

"ತರಾಕಾಗದಿದ್ರ ಬಾಯಿ ಮುಚ್ಚಿಕೊಂಡು ಉಣ್ಣು."

ಒಂದು ಸಲ ಅಂವ ಅಯ್ಯನೋರನ್ನೂ ಕರಕೊಂಡು ಬಂದ. ಭೀಮವ್ವ ಅವರ ಕಾಲಿಗೆ ಬಿದ್ದು ಎದ್ದು, "ಪಾದ ಎಲ್ಲಿ ಇಡ್ತೀರಿ, ಅಯ್ಯನೋರ? ಮಾಂತುನ ಅಪ್ಪನ ತಲಿ ಮ್ಯಾಲೆ ಇಟ್ರಿ, ನಾ ನೋಡೇನಿ. ನನ್ನ ಮಗನ ತಲಿ ಎಲ್ಲೆದ ತೋರಸ್ರಿ," ಅಂದ್ಲು. ಅವರು ಜೋಳಿಗಿ ಹೆಗಲಿಗೆ ಏರಿಸಿಕೊಂಡು ಎದ್ರು. ಹೊರಗ ಸಿಡಿಮಿಡಿ ಅಂದ್ರೂ ಒಳಗ ಆಕಿಗೆ ಅದ ಭಯ. ಪಾದ ಇಲ್ದ, ಮಣ್ಣಿಲ್ದ ಮಗ ಸತ್ತಾನ ಅಂತ ಒಪ್ಪಿಕೊಂಡ್ರ, ಅಂವ ಯಾವ ಕಡೆಗೂ ಸೇರದಾವ ಆಗ್ತಾನ. ಅದಕ್ಕಿಂತ ಜೇಲಿನಾಗ ಇರ್ಲಿ, ಬದುಕಿರ್ಲಿ.

ವರ್ಷ ಉರುಳಿದ್ವು. ಭೀಮವ್ವನ ಮೊಣಕಾಲು ಹಿಡಕೊಂಡ್ವು. ಕುಂತ್ರ ಏಳಾಕ ಬರ್ತಿದ್ದಿಲ್ಲ, ಎದ್ರ ಕುಂದ್ರಾಕ ಬರ್ತಿದ್ದಿಲ್ಲ. ಮುಂಜಾನೆ ಹಿಟ್ಟಿನ ಬುಟ್ಟಿ ಮುಂದ ಕುಂತಾಗ, ಇವತ್ತೊಂದಿನಾ ಯಾರೂ ಉಣ್ಣಾಕ ಬರದಿದ್ರ ಸಾಕು ಶಿವನೇ ಅನಸ್ತಿತ್ತು. ಅವರು ಬರ್ತಿದ್ರು, ಈಕಿ ಬಡೀತಿದ್ಲು. ರೇಣು ನೀರು ಹೊತ್ತು, ಭಾಂಡೆ ತಿಕ್ಕಿ, ಹಿಟ್ಟು ನಾದಿ, ಒಂದು ಮಾತು ಕಮ್ಮಿ ಆಡಿ, ಅರ್ಧ ಮುದುಕಿ ಆಗಿದ್ಲು. ಬಾಗಲದಾಗ ಯಾರರೆ ಕರದ್ರ ಮೊದಲ ಇಬ್ರೂ ಬೆಚ್ಚಿ ತಲಿ ಎತ್ತಿ ನೋಡ್ತಿದ್ರು. ಹೋಗ್ತ ಹೋಗ್ತ ಭೀಮವ್ವ ಒಬ್ಬಾಕೇ ನೋಡ್ತಿದ್ಲು.

ಎರಡು ಸಾವಿರದ ಐದನೇ ಇಸವಿ. ಸಿದ್ರಾಮಪ್ಪ ಮತ್ತ ಬಂದ. ಈ ಸಲ ಒಂದು ಮನಿ ಹುಡಕಿಕೊಂಡ ಬಂದಿದ್ದ. ಗುರಪಾದ ಅಂತ, ದೌಂಡ ಹತ್ತರ ಕುರಕುಂಭದ ಕೆಮಿಕಲ್ ಕಾರ್ಖಾನ್ಯಾಗ ಕೆಲಸ, ಹೆಂಡತಿ ಹೆರಿಗಿಯೊಳಗ ತೀರಿಕೊಂಡಿದ್ಲು. ತಣ್ಣಗಿನ ಮನಶ್ಯಾ. ಯುಗಾದಿತನಕ ದಾರಿ ನೋಡ್ತೀನಿ, ಆಮ್ಯಾಲೆ ನಮ್ಮವ್ವ ಬ್ಯಾರೆ ಕಡೆ ಮಾತು ಕೊಡ್ತಾಳ ಅಂದಿದ್ದ. ತಮ್ಮ ಜೋಡಿ ಊರಿಂದ ಮಾನಮ್ಮ ಬಂದಿದ್ಲು. ಭೀಮವ್ವಗ ದೊಡ್ಡವ್ವ ಆಗಬೇಕು. ಹಲ್ಲಿಲ್ಲ, ನಡಾ ಬಾಗಿ ಬಿಲ್ಲು ಆಗ್ಯದ, ಪುಣೆದಾಗ ಕಣ್ಣಿನ ಪೊರಿ ತಗಸಾಕ ಬಂದಾಕಿ.

"ನಾ ಬದುಕಿರೂಮಟ ಆಗೂದಿಲ್ಲ," ಅಂದ್ಲು ಭೀಮವ್ವ. ತಮ್ಮ ತಲಿ ಮ್ಯಾಲೆ ಕೈ ಹೊತ್ತುಕೊಂಡು ಬಾಕಿನ ಮ್ಯಾಲೆ ಕುಂತ.

ಆವತ್ತ ಮಧ್ಯಾನ್ಹ ಮಾನಮ್ಮ ಗ್ವಾಡಿಗೆ ಆತು ಕುಂತು ಎಲ್ಲಾ ನೋಡಾಕತ್ತಿದ್ಲು. ಭೀಮವ್ವ ಗಂಗಾಳ ತುಂಬಿ ಲಿಂಗದ ಮುಂದ ಇಟ್ಟದ್ದು ನೋಡಿದ್ಲು. ಲಾರಿ ಮಂದಿ ಉಂಡೆದ್ದು ಹೋದ ಮ್ಯಾಲೆ ಮುದುಕಿ ಕೈ ಮುಗದು, "ಛಲೋ ಮಾಡ್ತಿ ನೋಡ ಭೀಮವ್ವ," ಅಂದ್ಲು. "ನಾವು ಮಾನೌಮಿ ಅಮಾಸಿಗೆ ಒಂದಿನಾ ಸತ್ತಾವ್ರಿಗೆ ಎಡಿ ಹಿಡದು ಕೈ ತೊಳಕೋತೀವಿ. ನೀ ಮಗಗ ದಿನಾ ಎಡಿ ಹಿಡಿತಿ. ಪುಣ್ಯಾತ್ಮ, ಉಂಡು ತಂಪಾಗಿರ್ತಾನ."

ಮನಿ ಮಂದಿಗೆ ಕಡೀ ರೊಟ್ಟಿ ಬಡಿಯಾಕತ್ತಿದ್ದ ಭೀಮವ್ವನ ಕೈ ಹಿಟ್ಟಿನಾಗ ನಿಂತ್ವು. "ಎಡಿ ಅಲ್ಲ ದೊಡ್ಡವ್ವ. ಅದು ಅವನ ಊಟ."

"ಮತ್ತ ಊಟ ಅಂದ್ರ ಎಡಿ ಅಲ್ಲೇನ? ದೇವರ ಜಗಲಿ ಮ್ಯಾಲೆ ಯಾರೂ ಉಣ್ಣದ ಗಂಗಾಳ ಇಟ್ರ ಅದಕ್ಕ ಏನಂತಾರ ನಮ್ಮ ಕಡೆ?"

ಅಷ್ಟೊತ್ತಿಗೆ ಕೆಲಸ ಮುಗಿಸಿ ರೇಣು ಒಳಗ ಬಂದು, ದಿನದಂಗ ಗಂಗಾಳ ತಗೊಂಡು ಮೂಲ್ಯಾಗ ಕುಂತು ತುತ್ತು ಮುರದ್ಲು. ಮಾನಮ್ಮ ಗಾಬರಿ ಬಿದ್ದು ಎದ್ದೇಳಾಕ ಹೋದ್ಲು.

"ಅಯ್ಯ ಶಿವನೇ! ಹರೇದ ಹುಡಿಗಿಗೆ ಸತ್ತಾವನ ಎಡಿ ದಿನಾ ಉಣಸ್ತಿಯೇನ ಯವ್ವಾ ನೀನು? ಅದನ್ನ ಕಾಗಿಗೆ ಇಡ್ತಾರ, ಆಕಳಿಗೆ ಹಾಕ್ತಾರ. ಇಷ್ಟು ವರ್ಷ ಈ ಕೂಸು ಇದನ್ನ ಉಂಡದೇನು?"

ರೇಣು ತಲಿ ಎತ್ತಲಿಲ್ಲ. ಕೈಯಾಗಿನ ತುತ್ತು ಬಾಯಿಗೂ ಹೋಗಲಿಲ್ಲ, ಗಂಗಾಳಕ್ಕೂ ಇಳೀಲಿಲ್ಲ.

ಭೀಮವ್ವಗ ಸಿಟ್ಟು ನೆತ್ತಿಗೇರ್ತು. ಮುದುಕಿನ್ನ ಹೊರಗ ಹಾಕಬೇಕು ಅನಸ್ತು. ಆದ್ರ ಬಾಯಿಗೆ ಬಾಯಿ ಕೊಡಾಕ ಆಕಿ ಹತ್ತರ ಮಾತಿದ್ದಿಲ್ಲ. ತಾನ ಎಷ್ಟು ಸಲ ಎಡಿ ಹಿಡದಿಲ್ಲ, ಊರಾಗ ಅತ್ತಿ ಮಾವಗ, ಇಲ್ಲಿ ಗಂಡಗ! ಇದ ಗಂಗಾಳ, ಇದ ಜಗಲಿ, ಇದ ಬೆಣ್ಣಿ ಉಂಡಿ. ಬಾಯಿಲೆ ಮಗ ಬದುಕ್ಯಾನ ಅಂದ್ಲು, ಕೈಲೆ ದಿನಾ ಸತ್ತಾವನ ಸೇವಾ ಮಾಡಿದ್ಲು. ಎಂಟು ವರ್ಷ. ಆ ಸೇವಾದ ಕೂಳು ತನ್ನ ತಮ್ಮನ ಮಗಳಿಗೆ ಉಣಿಸಿದ್ಲು. ಆಕಿಗೆ ತನ್ನ ಮ್ಯಾಲೆ ತನಗ ಹೇಸಿಕಿ ಬಂತು.

ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ವಾಸನಿ ಬರಾಕತ್ತು. ಭೀಮವ್ವ ಸೆರಗಿಲೆ ಕೈ ಒರಸಿಕೊಂಡು, ಮೊಣಕಾಲು ಎಳಕೋತ ಸೊಸಿ ಹತ್ತರ ಹೋಗಿ ಕುಂತ್ಲು.

"ರೇಣು, ಖರೇ ಹೇಳು. ಅಂವ ಬರ್ತಾನ ಅಂತ ನಿನಗ ಅನಸ್ತದೇನು?"

"ನಿನಗ ಅನಸ್ತದಲ್ಲ ಅತ್ತಿ," ಅಂದ್ಲು ರೇಣು. "ಅದಕ್ಕ ಉಂಡೆ."

"ನಿನಗ?"

"ನನಗ ಮೊದಲನೇ ವರ್ಷನ ಗೊತ್ತಾಗಿತ್ತು. ನಿನ್ನ ಬಿಟ್ಟು ಹೋಗಾಕ ಮನಸಿಲ್ಲ ಅತ್ತಿ. ಆದ್ರ ಭಾಳ ದಣದೇನಿ."

ಬೈದಿದ್ರ ಭೀಮವ್ವ ತಡಕೋತಿದ್ಲು. ದಣದೇನಿ ಅಂದದ್ದು ತಡಕೊಳ್ಳಾಕ ಆಗಲಿಲ್ಲ, ಯಾಕಂದ್ರ ಆಕಿನೂ ದಣದಿದ್ಲು, ಅದನ್ನ ಯಾರ ಮುಂದೂ ಅಂದಿದ್ದಿಲ್ಲ. ಸೊಸಿ ಕೈಯಾಗಿನ ತುತ್ತು ತಗೊಂಡು ಗಂಗಾಳಕ್ಕ ಹಾಕಿ, ಗಂಗಾಳ ಎತ್ತಿಕೊಂಡು ಹೋಗಿ ಹೊರಗಿನ ಆಕಳ ಮುಂದ ಇಟ್ಲು. ಹೊಳ್ಳಿ ಬಂದು ತಮ್ಮಗ, "ಅಯ್ಯನೋರಿಗೆ ಹೇಳಿ ಕಳಸು. ಖಡಕಿ ಪಂಢರಿನಾಥಗೂ ಹೇಳು," ಅಂದ್ಲು.

ಸೋಮವಾರ ಮುಂಜಾನೆ ಈರಬಸಪ್ಪನ ಸಮಾಧಿ ಬಾಜೂಕ ಒಂದು ಸಣ್ಣ ತೆಗ್ಗು ತಗದ್ರು. ಹೆಣಾ ಕುಂದ್ರಸೂ ತೆಗ್ಗಲ್ಲ, ಒಂದು ಬುಟ್ಟಿ ಹಿಡಿಯೂವಷ್ಟು. ಮನಿಯಾಗ ಬಳಿ ಒಡಿಯಾಕ ಮಾನಮ್ಮ ಕಲ್ಲು ತಗೊಂಡಾಗ ಭೀಮವ್ವ ಕಸಗೊಂಡು ಒಗದಿದ್ಲು. ಸಬಕಾರ ಹಚ್ಚಿ, ಒಂದೊಂದ ಬಳಿ ಸೊಸಿ ಕೈಯಿಂದ ತಾನ ಜಾರಿಸಿ ತಗದಿದ್ಲು. ತೆಗ್ಗಿನಾಗ ಅಯ್ಯನೋರು ಇಬೂತಿ ಹಾಕಿದ್ರು, ಬಿಲ್ವಪತ್ರಿ ಹಾಕಿದ್ರು, ನಡಬರಕ ಮಾಂತುನ ಲಿಂಗ ಇಟ್ರು. ಇಟ್ಟು ತಡದು ನಿಂತ್ರು.

"ಪಾದ ಇಡ್ರಿ," ಅಂದ್ಲು ಭೀಮವ್ವ.

"ಲಿಂಗದ ಮ್ಯಾಲೆ ಪಾದ ಇಡಾಕ ಬರೂದಿಲ್ಲ ತಾಯಿ. ಅದು ನಿನಗೂ ಗೊತ್ತು." ಅವರು ವಯಸ್ಸಾದಾವ್ರು, ಅವರ ದನಿಯೊಳಗೂ ದಣಿವಿತ್ತು. "ಪಾದಾ ಆಗದಿದ್ರ ಏನಾತು. ಹಡದಾಕಿ ನೀನು, ಬಾಯಿ ತುಂಬ ಹೇಳು, ನನ್ನ ಮಗ ಲಿಂಗೈಕ್ಯ ಆದ ಅಂತ. ಹಡದಾಕಿ ಬಿಟ್ಟು ಕೊಟ್ರ ಅಂವ ಹೋಗ್ತಾನ."

ಭೀಮವ್ವ ತೆಗ್ಗಿನ ಕಡೆ ನೋಡಿದ್ಲು. ಒಂದು ಕಡೆ ಪಂಢರಿನಾಥ ತಲಿ ಬಗ್ಗಿಸಿ ನಿಂತಿದ್ದ, ಈಗ ಅವನ ತಲ್ಯಾಗ ಬಿಳಿ ಕೂದಲಾ ಬಂದಿದ್ವು. ಮಾಂತುಗ ಒಂದೂ ಬರಲಿಲ್ಲ ಅಂತ ಅನಸ್ತು. ಲಿಂಗೈಕ್ಯ ಅನ್ನೂ ದೊಡ್ಡ ಮಾತು ಆಕಿ ಬಾಯಾಗ ಹೊಳ್ಳಲಿಲ್ಲ.

"ನನ್ನ ಮಗ ಸತ್ತಾನ್ರಿ," ಅಂದ್ಲು. "ಸಮುದ್ರದಾಗ ಬಿದ್ದು ಸತ್ತಾನ. ಈಕಿ ಮ್ಯಾಲೆ ನಮ್ಮ ಮನಿ ಹಕ್ಕಿಲ್ಲ. ಎಲ್ಲಾರೂ ಕೇಳ್ರಿ."

ಆಗ ಹಿಂದಿನಿಂದ ಒಂದು ದನಿ ಬಂತು. ಯಾರದು ಅಂತ ಭೀಮವ್ವಗ ಲಗೂನ ತಿಳೀಲಿಲ್ಲ, ಯಾಕಂದ್ರ ಆ ದನಿ ಆಕಿ ಎಂದೂ ಕೇಳಿದ್ದಿಲ್ಲ. ರೇಣು ನೆಲಕ್ಕ ಕುಸದು, ಎರಡೂ ಕೈಲೆ ಮಣ್ಣು ಬಡಕೋತ, "ಮಾಂತ್ಯಾ, ಹೋದ್ಯಲ್ಲೋ ಮಾಂತ್ಯಾ," ಅಂತ ಚೀರಿ ಅಳಾಕತ್ತಿದ್ಲು. ಸಣ್ಣಕ್ಕಿದ್ದಾಗ ಅತ್ತಿ ಮನಿಗೆ ಸೂಟಿಗೆ ಬಂದು ಅವನ ಜೋಡಿ ಜಗಳಾಡೂ ಮುಂದ ಕರೀತಿದ್ದ ಹೆಸರು ಅದು.

ತನ್ನ ಮಗ ಅಂತ ಇಷ್ಟು ವರ್ಷ ಎದಿಗೆ ಅವಚಿಕೊಂಡು ಕುಂತ ಭೀಮವ್ವಗ, ಈಕಿಗೂ ಅಂವ ಇಲ್ದಂಗಾಗಿದ್ದ ಅನ್ನೂದು ಹೊಳದಿದ್ದಿಲ್ಲ. ಗಂಡನ್ನ ಕಳಕೊಂಡ ಹುಡಿಗಿಗೆ ಒಂದಿನಾ ಬಾಯಿ ಬಿಟ್ಟು ಅಳಾಕ ಬಿಟ್ಟಿದ್ದಿಲ್ಲ. ಸಿದ್ರಾಮಪ್ಪ ಮಗಳನ್ನ ಸುಮ್ಮನ ಮಾಡಾಕ ಮುಂದ ಬಂದ. ಭೀಮವ್ವ ಅವನ್ನ ಅಡ್ಡಗಟ್ಟಿ, ಹಿಡಕೊಂಡ ಮೊಣಕಾಲು ಬಗ್ಗಿಸಿ, ಮಣ್ಣಾಗ ಸೊಸಿ ಬಾಜೂಕ ಕುಂತು ಆಕಿ ತಲಿ ತನ್ನ ತೊಡಿ ಮ್ಯಾಲೆ ಎಳಕೊಂಡ್ಲು.

"ಬಿಡ್ರಿ ಆಕಿನ್ನ," ಅಂದ್ಲು. "ಅಳು ಯವ್ವಾ. ಅಳು. ನಾ ಏನೂ ಅನ್ನೂದಿಲ್ಲ."